ಆ ರಾತ್ರಿ ಗೂಟ ಖಾಲಿ ಇತ್ತು

ಮಾನ್ಯ ಸಂಪಾದಕರೇ,

ಚುನಾವಣೆ ಬಂತೆಂದರೆ ನಮ್ಮ ಉಡುಪಿ, ದಕ್ಷಿಣ ಕನ್ನಡದ ಕೃಷಿಕರಿಂದ ಒಂದು ದೂರು ಬಂದೇ ಬರುತ್ತದೆ. ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಕೋವಿಯನ್ನೂ ಠಾಣೆಯಲ್ಲಿ ಇಡಿ ಅಂತಾರೆ, ಇತ್ತ ಹಂದಿ ಬಂದು ತೋಟ ಉತ್ತು ಹೋಗುತ್ತದೆ ಅಂತ. ದೂರು ಸುಳ್ಳಲ್ಲ. ನಾನೂ ಹೆಬ್ರಿ ಕಡೆಯ ಅಡಿಕೆ ತೋಟದ ಮನೆಯವಳು. ಬೆಳಗಾಗುವುದರೊಳಗೆ ಹಂದಿಗಳು ಬಾಳೆಯ ಬುಡ ಕೆದಕಿ ಸಾಲು ಸಾಲು ಮಲಗಿಸಿದ್ದನ್ನು, ಮಂಗಗಳು ಬೊಂಡ ತೂತು ಮಾಡಿ ಬೀಳಿಸಿದ್ದನ್ನು ನೋಡಿಯೇ ಬೆಳೆದಿದ್ದೇನೆ. ಆದರೂ ಕೋವಿ ಠಾಣೆಗೆ ಹೋಗುವ ಆ ದಿನಗಳ ಬಗ್ಗೆ ನನಗೆ ಹೇಳಲು ಬೇರೆ ಮಾತಿದೆ.

ನಮ್ಮ ಮನೆಯ ಬೆಡಿ ಅಜ್ಜನ ಕಾಲದ್ದು. ಕೇಪಿನ ಕೋವಿ. ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ಜಡಿದು, ಚರೆ ಹಾಕಿ, ಮತ್ತೆ ನಾರು ಜಡಿಯಬೇಕು. ಚಾವಡಿಯ ಗೋಡೆಯಲ್ಲಿ ಹಲಸಿನ ಮರದ ಎರಡು ಗೂಟ, ಅದರ ಮೇಲೆ ಅಡ್ಡ ಇಡುತ್ತಿದ್ದರು. ಆಯುಧ ಪೂಜೆಯ ದಿನ ಕತ್ತಿ, ಹಾರೆಗಳ ಜೊತೆ ಅದಕ್ಕೂ ಗಂಧ, ಹೂವು. ಅಪ್ಪ ಹರಿದ ಪಂಚೆಯ ತುಂಡಿಗೆ ಎಣ್ಣೆ ಹಚ್ಚಿ ಅದನ್ನು ಒರೆಸುವಾಗ ನಾನು ಪಕ್ಕದಲ್ಲೇ ಕೂರುತ್ತಿದ್ದೆ. ಕೋವಿ ಕಂಡರೆ ಹೆದರುವ ಮನೆ ನಮ್ಮದಲ್ಲ.

2004ರ ಏಪ್ರಿಲ್. ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಚುನಾವಣೆ. ಕೋವಿ ಠಾಣೆಯಲ್ಲಿತ್ತು. ನಮ್ಮ ಕಟ್ಟದಲ್ಲಿ ನೀರು ಬೇಗ ಇಳಿದಿತ್ತು. ಆಸ್ತಿ ಪಾಲಾದ ಮೇಲೆ ಅಪ್ಪನಿಗೂ ಚಿಕ್ಕಪ್ಪನಿಗೂ ನೀರು ಹರಿಯುವುದು ಒಂದೇ ಕಣಿಯಲ್ಲಿ, ದಿನ ಬಿಟ್ಟು ದಿನ ಸರದಿ. ಒಂದು ರಾತ್ರಿ ನಮ್ಮ ಸರದಿಯ ನೀರು ಅವರ ತೋಟಕ್ಕೆ ತಿರುಗಿತ್ತು. ಕಣಿಯ ಹತ್ತಿರವೇ ಜಗಳ ಹತ್ತಿಕೊಂಡಿತು. ನೀರಿನ ಮಾತು ಪಾಲಿಗೆ ಹೋಯಿತು, ಪಾಲಿನಿಂದ ಅಜ್ಜಿಯ ಒಡವೆಗೆ, ಅಲ್ಲಿಂದ ಅಮ್ಮನ ತವರಿಗೆ. ಅಪ್ಪ ಒಳಗೆ ಬಂದರು. ಯಾರ ಮುಖವನ್ನೂ ನೋಡದೆ ನೇರ ಚಾವಡಿಗೆ ಹೋಗಿ ಕೈ ಎತ್ತಿದರು.

ಗೂಟ ಖಾಲಿ. ಸುಣ್ಣದ ಗೋಡೆಯ ಮೇಲೆ ಉದ್ದಕ್ಕೆ ಒಂದು ಎಣ್ಣೆಯ ಕಲೆ ಮಾತ್ರ. ಅಪ್ಪನ ಕೈ ಗೂಟದ ಮೇಲೆಯೇ ನಿಂತಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಅಲ್ಲೇ ನೆಲಕ್ಕೆ ಕುಳಿತು ನೀರು ಕೇಳಿದರು. ಅಮ್ಮ ಕೊಟ್ಟ ತಂಬಿಗೆಯ ನೀರು ಅರ್ಧ ಎದೆಯ ಮೇಲೆಯೇ ಚೆಲ್ಲಿತು.

ಕೇಪಿನ ಕೋವಿ ತುಂಬುವುದರೊಳಗೆ ಸಿಟ್ಟು ಇಳಿಯುತ್ತಿತ್ತು ಅಂತ ಯಾರಾದರೂ ಹೇಳಬಹುದು. ಹಂದಿ ಕಾಟದ ದಿನಗಳಲ್ಲಿ ಅಪ್ಪ ಅದನ್ನು ತುಂಬಿಯೇ ಇಡುತ್ತಿದ್ದರು. ಅವರು ಕೆಟ್ಟವರೂ ಅಲ್ಲ. ಊರಲ್ಲಿ ಜಗಳವಾದರೆ ಬಿಡಿಸಲು ಕರೆಯುತ್ತಿದ್ದದ್ದೇ ಅವರನ್ನು. ಒಳ್ಳೆಯವರ ಕೈಯಲ್ಲಿ ಕೋವಿ ಇದ್ದರೆ ಏನೂ ಆಗದು ಎನ್ನುವವರು ಅವತ್ತು ನಮ್ಮ ಚಾವಡಿಯಲ್ಲಿ ಇರಬೇಕಿತ್ತು.

ಚುನಾವಣೆ ಮುಗಿದ ಮೇಲೆ ಕೋವಿ ಮನೆಗೆ ಬಂತು, ಆದರೆ ಗೂಟಕ್ಕೆ ಹೋಗಲಿಲ್ಲ. ಮದ್ದು, ಕೇಪು ಅಮ್ಮನ ಕಪಾಟಿಗೆ ಹೋದವು. ಬೀಗದ ಕೈ ಅಮ್ಮನ ಬಳಿ. ಅಪ್ಪನೇ ಮಾಡಿದ ಏರ್ಪಾಡು ಇದು.

ಅಪ್ಪ ತೀರಿಕೊಂಡಾಗ ಲೈಸೆನ್ಸಿನ ಪ್ರಶ್ನೆ ಬಂತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ವಾರಸುದಾರರು ತಮ್ಮ ಹೆಸರಿನಲ್ಲಿ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ಅಜ್ಜನ ನೆನಪು, ಬಿಡಬೇಡ ಅಂತ ನೆಂಟರು ಹೇಳಿದರು. ಕೊಡಗಿನವರ ಹಾಗೆ ಕೋವಿಯ ಜೊತೆ ಕುಲದ ಆಚಾರವೇ ಬೆಸೆದುಕೊಂಡಿದ್ದರೆ ಆ ಮಾತು ಬೇರೆ. ನಾನು ಅರ್ಜಿ ಹಾಕಲಿಲ್ಲ, ಕೋವಿ ಒಪ್ಪಿಸಿ ಬಂದೆ. ಮನಸ್ಸಿಗೆ ತುಂಬಾ ಕಷ್ಟವಾಯಿತು. ಹಂದಿಗೆ ಈಗ ಸೋಲಾರ್ ಬೇಲಿ ಇದೆ. ಮಳೆಗಾಲದಲ್ಲಿ ಹುಲ್ಲು, ಬಳ್ಳಿ ತಂತಿಗೆ ತಾಗಿದರೆ ಕರೆಂಟು ಇಳಿಯುತ್ತದೆ, ಹಾಗಾಗಿ ಸವರುವ ಕೆಲಸ ಜಾಸ್ತಿ. ಮಂಗಕ್ಕೆ ಅದು ಲೆಕ್ಕಕ್ಕೇ ಇಲ್ಲ. ಆ ನಷ್ಟ ನಾನು ಒಪ್ಪಿಕೊಂಡಿದ್ದೇನೆ.

ಕಾಡಂಚಿನ ಮನೆಗಳಿಗೆ ಕೋವಿ ಬೇಕೇ ಬೇಕು ಅಂತಾದರೆ ಚುನಾವಣೆ ಹೊತ್ತಿಗೆ ಯಾರ ಕೋವಿ ಠಾಣೆಗೆ ಬರಬೇಕು ಅಂತ ನೋಡುವ ಸ್ಕ್ರೀನಿಂಗ್ ಸಮಿತಿ ಅವರಿಗೆ ವಿನಾಯಿತಿ ಕೊಡಲಿ, ನನ್ನ ತಕರಾರಿಲ್ಲ. ಆದರೆ ಪಾಲಿನ ಜಗಳ ನಡೆಯುತ್ತಿರುವ ಮನೆಯವರು, ಮನೆಯಲ್ಲಿ ಕುಡಿತ ಇರುವವರು, ಯಾರದ್ದೋ ಮನಸ್ಸು ಸರಿ ಇಲ್ಲ ಅನ್ನಿಸಿದವರು ಚುನಾವಣೆಗೆ ಕಾಯಬೇಡಿ. ಸ್ವಲ್ಪ ದಿನ ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಇಟ್ಟು ಬನ್ನಿ. ಮನೆಯಲ್ಲೇ ಇಡುವುದಾದರೆ ತುಂಬಿ ಇಡಬೇಡಿ. ತೋಟೆ, ಮದ್ದು ಬೇರೆ ಕಡೆ, ಬೇರೆಯವರ ಕೈಯಲ್ಲಿರಲಿ.

ಈ ಪತ್ರ ಕಳಿಸುವ ಮೊದಲು ಚಿಕ್ಕಪ್ಪನಿಗೆ ಓದಿ ಹೇಳಿದೆ. ಅಪ್ಪ ಗೂಟಕ್ಕೆ ಕೈ ಹಾಕಿದ್ದು ಅವರಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, "ಅವತ್ತು ರಾತ್ರಿ ನಾನೂ ಕತ್ತಿ ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗಿದ್ದೆ. ಅದನ್ನೂ ಬರೆ" ಅಂದರು.

ಇತಿ,
ಕೃಷಿಕರೊಬ್ಬರ ಮಗಳು, ಉಡುಪಿ