ಮಗು ಪುಸ್ತಕ ಮುಚ್ಚಿಟ್ಟರೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನೇ ಬರೆದು ನೀನೇ ಪ್ರಕಟಿಸೋಕೆ ಹೊರಟಿರೋ ಮಕ್ಕಳ ಚಿತ್ರಪುಸ್ತಕದ ಬಗ್ಗೆ ಬರೆದ ನಿನ್ನ ಕಾಗದ ಓದಿದೆ. ಕೆಲಸ, ದುಡ್ಡು, ಮನೆಯವರ ಮಾತು, ಅವೆಲ್ಲ ನಮಗೆ ಗೊತ್ತಿರೋದೇ, ಬಿಡು. ಕೊನೆಗೆ ಒಂದು ಸಾಲು ಸೇರಿಸಿದ್ದೀಯಲ್ಲ, “ಮಗು ನನ್ನ ಪುಸ್ತಕಾನ ಅರ್ಧಕ್ಕೇ ಮುಚ್ಚಿಟ್ಟು ಎದ್ದು ಹೋದರೆ ನಾನು ಬರೆಯೋಕೆ ಲಾಯಕ್ಕಿಲ್ಲ ಅಂತಲೇ ಅಲ್ವಾ ದೊಡ್ಡಮ್ಮ” ಅಂತ, ಅದು ನನ್ನ ತಲೆಯಿಂದ ಹೋಗ್ತಿಲ್ಲ.

ಹಾಗಲ್ಲ ಕಣೇ. ಮುಗಿಸಲೇಬೇಕು ಅನ್ನೋ ದಾಕ್ಷಿಣ್ಯ ಮಕ್ಕಳಿಗಿಲ್ಲ, ಅಷ್ಟೆ. ದೊಡ್ಡವರು ಬೇಸರ ಬಂದಮೇಲೂ ಹತ್ತು ಪುಟ ತಳ್ಳುತ್ತಾರೆ, ಮಗು ಬೇಸರ ಬಂದ ಪುಟದಲ್ಲೇ ಕೈಬಿಡುತ್ತೆ. ಯಾವ ಪುಟದಲ್ಲಿ ಅಂತ ಗುರುತು ಹಾಕಿಕೋ. ಅದರ ಹಿಂದಿನ ಎರಡು ಪುಟದಲ್ಲಿ ಕಾರಣ ಇರುತ್ತೆ. ಬಹಳ ಸಲ ಚಿತ್ರದಲ್ಲಿ ಕಾಣೋದನ್ನೇ ಮಾತು ಇನ್ನೊಮ್ಮೆ ಹೇಳಿರುತ್ತೆ: ಹುಡುಗಿ ಮರ ಹತ್ತುತ್ತಿರೋದು ಕಾಣುವಾಗ “ಹುಡುಗಿ ಮರ ಹತ್ತಿದಳು” ಅಂತ. ಇಲ್ಲದಿದ್ದರೆ ಕಥೆಯಲ್ಲಿ ಆ ಹೊತ್ತಿಗೆ ಯಾರಿಗೂ ಏನೂ ಬೇಕಾಗಿರೋಲ್ಲ. ಅಥವಾ ಅಜ್ಜನೋ ಟೀಚರೋ ಬಂದು ಮಗುವಿನ ತೊಂದರೇನ ತಾವೇ ಬಗೆಹರಿಸಿಬಿಟ್ಟಿರುತ್ತಾರೆ. ಅಲ್ಲಿಗೆ ಕಥೆ ಮುಗೀತು, ಪುಟ ಮಾತ್ರ ಉಳಿದಿದೆ.

ಪುಟ ತಿರುಗಿಸೋ ಜಾಗ ಸರಿಯಾಗಿ ಬಿದ್ದಿದೆಯಾ ಅಂತ ಕಂಪ್ಯೂಟರ್ ಪರದೆಯಲ್ಲಿ ನೋಡಿದರೆ ಗೊತ್ತಾಗೋಲ್ಲ. ಎಂಟು ಎ4 ಹಾಳೆ ಒಟ್ಟಿಗೆ ಮಡಚಿ ನಡುವೆ ಪಿನ್ ಹೊಡೆ, 32 ಪುಟ ಆಗುತ್ತೆ. ಚಿತ್ರಪುಸ್ತಕಗಳ ವಾಡಿಕೆ ಅಳತೆಯೂ ಅದೇ, ದೊಡ್ಡ ಹಾಳೇನ ಮೂರು ಸಲ ಮಡಚಿದರೆ 16 ಪುಟ, ಅಂಥವು ಎರಡು. ಹೆಸರಿನ ಪುಟ, ಹಕ್ಕುಗಳ ಪುಟ ಬಿಟ್ಟರೆ ಕಥೆಗೆ ಸಿಗೋದು ಸುಮಾರು 14 ಜೋಡಿಪುಟ, ಅಂದರೆ ತೆರೆದಾಗ ಎದುರುಬದುರು ಕಾಣೋ ಎರಡೆರಡು ಪುಟ. ಪೆನ್ಸಿಲಿನಲ್ಲಿ ಮಾತು ಹಂಚು, ಚಿತ್ರದ ಜಾಗದಲ್ಲಿ ಗೀಚು ಸಾಕು. ಬಲಪುಟದ ಕೊನೆ ಸಾಲು ಮುಂದೇನಾಯ್ತು ಅನ್ನಿಸಬೇಕು, ಉತ್ತರ ಹಾಳೆಯ ಹಿಂಬದಿಗೆ ಇರಲಿ. ಉತ್ತರವೂ ಅದೇ ಬಲಪುಟದಲ್ಲಿದ್ದರೆ ಹಾಳೆ ತಿರುಗಿಸೋ ಆಸೆ ಮಗುವಿಗೆ ಎಲ್ಲಿಂದ ಬರಬೇಕು?

ಇದನ್ನೆಲ್ಲ ನೀನು ಕೇಳಿಲ್ಲ, ಗೊತ್ತು. ಬೇರೆಯವರ ಪುಸ್ತಕಕ್ಕೆ ಪ್ರೂಫ್ ನೋಡೋದರಲ್ಲೇ ನನ್ನ ಆಯುಷ್ಯ ಕಳೆಯಿತು. ನನ್ನದು ಅಂತ ಒಂದು ಪುಸ್ತಕ ಬರಲಿಲ್ಲ ಅನ್ನೋ ಕೊರಗು ಈಗಲೂ ಇದೆ, ಅದಕ್ಕೇ ನಿನ್ನ ಆ ಸಾಲು ನನಗೆ ಇಷ್ಟು ನಾಟಿತೇನೋ.

ಮತ್ತೆ ಅಲ್ಲಿಗೇ ಬರ್ತೀನಿ. ಎಷ್ಟೋ ಸಲ ಮಗು ಪುಸ್ತಕ ಮುಚ್ಚೋದು ಓದಿ ಹೇಳೋ ದೊಡ್ಡವರು ತಡವರಿಸೋದರಿಂದ. ಸಣ್ಣ ಮಕ್ಕಳ ಪುಸ್ತಕ ಕಿವಿಗೆ ಬೀಳೋ ಪುಸ್ತಕ ತಾನೇ? ನಿನ್ನ ಕಥೇನ ನೀನೇ ಓದಿ ನೋಡಬೇಡ. ಎಲ್ಲಿ ಉಸಿರು ಬೇಕು, ಎಲ್ಲಿ ದನಿ ಏರಬೇಕು ಅಂತ ನಿನಗೆ ಮೊದಲೇ ಗೊತ್ತಿರುತ್ತೆ. ಕಥೆ ಗೊತ್ತಿಲ್ಲದವರ ಕೈಗೆ ಕೊಡು, ನೀನು ಪಕ್ಕದಲ್ಲಿ ಸುಮ್ಮನೆ ಕೂತು ಅವರು ಎಡವಿದ ಕಡೆ ಗೆರೆ ಎಳಿ. ಮಗುವಿನ ಕೈ ನೋಡು. ಓದು ಮುಗಿಯೋ ಮೊದಲೇ ಹಾಳೆ ಹಿಡಿದರೆ ಆ ಪುಟಕ್ಕೆ ಮಾತು ಜಾಸ್ತಿ. ಹಿಂದಕ್ಕೆ ತಿರುಗಿಸಿದರೆ ಸಂತೋಷಪಡು. ನಡುವೆ ಪ್ರಶ್ನೆ ಕೇಳಿದರೆ ಇನ್ನೂ ಒಳ್ಳೇದು. “ಚೆನ್ನಾಗಿತ್ತಾ?” ಅಂತ ಮಾತ್ರ ಕೇಳಬೇಡ ಪುಟ್ಟಿ, ಪಾಪ, ನಿನ್ನ ಮುಖ ನೋಡಿ ಹೂಂ ಅನ್ನುತ್ತೆ. ನಾಲ್ಕು ದಿನ ಬಿಟ್ಟು ಕಥೆ ಹೇಳಿಸು. ಅದು ಬಿಟ್ಟುಬಿಟ್ಟ ಭಾಗ ನೀನೂ ಬಿಡಬಹುದು.

ತಾನೇ ಓದೋ ಮಗು ಮುಚ್ಚಿದರೆ ಅಕ್ಷರ ನೋಡು, ಕಥೆಯನ್ನು ಆಮೇಲೆ ಶಂಕಿಸು. ನಮ್ಮ ಲಿಪಿಯಲ್ಲಿ ಒತ್ತು ಕೆಳಗಿಳಿಯುತ್ತೆ, ಗುಡಿಸು ಮೇಲೇರುತ್ತೆ. ಸಾಲು ಇಕ್ಕಟ್ಟಾದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗಿ ಎಳೆ ಕಣ್ಣು ದಾರಿ ತಪ್ಪುತ್ತೆ. 18 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 28 ಪಾಯಿಂಟ್ ಇರಲಿ. ಪುಟ ಜೋಡಿಸೋ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ನಮ್ಮಂಥ ಲಿಪಿಗಳನ್ನು ಸರಿಯಾಗಿ ಕೂರಿಸೋ ವರ್ಲ್ಡ್-ರೆಡಿ ಕಂಪೋಸರ್ ಅನ್ನೋ ಆಯ್ಕೆ ಹಾಕದೆ ಯೂನಿಕೋಡ್ ಅಕ್ಷರ ತುಂಬಿದರೆ ‘ಅಕ್ಕ’ ಒಡೆದು ‘ಅಕ್‌ಕ’ ಆಗಿ ಕೂರುತ್ತೆ. ಕನ್ನಡ ಬಾರದ ವಿನ್ಯಾಸಕಾರರಿಗೆ ಅದು ತಪ್ಪು ಅಂತಲೇ ಕಾಣೋಲ್ಲ. ಕೊನೆಯ ಪಿಡಿಎಫ್‌ನ ಒತ್ತಕ್ಷರ ಒಂದೊಂದನ್ನೂ ನೀನೇ ನೋಡು.

ಚಿತ್ರ ಅಚ್ಚಾಗೋ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಬೇಕು, ಅಂಚಿನಾಚೆ ಸುತ್ತಲೂ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವಾಗ ಬಿಳಿ ಅಂಚು ಉಳಿಯದ ಹಾಗೆ ಹೆಚ್ಚುವರಿ ಚಿತ್ರ. ಮುಖಗಳು ನಡುಮಡಿಕೆಗೆ ಬಾರದಿರಲಿ, ಬೈಂಡಿಂಗ್ ನುಂಗಿಬಿಡುತ್ತೆ. ಚಿತ್ರ ಬರೆಯುವವರ ಹತ್ತಿರ ಬದಲಾವಣೆಗಳನ್ನೆಲ್ಲ ಪೆನ್ಸಿಲ್ ಹಂತದಲ್ಲೇ ಮುಗಿಸಿಕೋ, ಬಣ್ಣ ಬಿದ್ದಮೇಲೆ ಅವರಿಗೂ ಕಷ್ಟ, ನಿನಗೂ ಖರ್ಚು. ಇ-ಪುಸ್ತಕಕ್ಕೆ, ಮರುಮುದ್ರಣಕ್ಕೆ ಅದೇ ಚಿತ್ರ ಬಳಸಬಹುದು ಅಂತ ಮೊದಲೇ ಬರಹದಲ್ಲಿ ಇರಲಿ. ನಾನು ಹೆಚ್ಚು ಹೇಳ್ತಿದ್ದೀನೇನೋ, ಬೇಕಾದ್ದು ಇಟ್ಟುಕೋ.

ಇಷ್ಟೆಲ್ಲ ಮಾಡಿದಮೇಲೂ ಒಂದು ಮಗು ಮುಚ್ಚಿಟ್ಟೇ ಇಡುತ್ತೆ. ಅದಕ್ಕೆ ನಿದ್ದೆ ಬಂದಿರಬಹುದು, ಇನ್ನೂ ಆ ವಯಸ್ಸು ಆಗಿಲ್ಲದಿರಬಹುದು. ಆದರೆ ಬೇರೆ ಬೇರೆ ಮಕ್ಕಳು ಅದೇ ಪುಟದಲ್ಲಿ ಮುಚ್ಚಿದರೆ ಆ ಪುಟ ತಿದ್ದು. ತಾನೇ ಪ್ರಕಟಿಸೋರಿಗೆ ಇರೋ ದೊಡ್ಡ ಅನುಕೂಲ ಅದು, ಯಾರ ಅಪ್ಪಣೆಯೂ ಬೇಡ. ಅದಕ್ಕೇ ಮೊದಲ ಸಲ, ಒಟ್ಟಿಗೆ ಬಹಳ ಪ್ರತಿ ಹಾಕೋ ಆಫ್‌ಸೆಟ್‌ನಲ್ಲಿ ಸಾವಿರ ಪ್ರತಿ ಹಾಕಿಸಬೇಡ. ಪ್ರತಿಗೆ ತಗಲೋ ಖರ್ಚು ಕಡಿಮೆ ಅನ್ನಿಸುತ್ತೆ, ಆದರೆ ತಪ್ಪು ಕಂಡ ದಿನ ಸಾವಿರವೂ ಮನೆಯಲ್ಲಿರುತ್ತೆ. ಕೆಲವೇ ಪ್ರತಿಗೂ ಒಗ್ಗೋ ಡಿಜಿಟಲ್‌ನಲ್ಲಿ ಐವತ್ತು ಮಾಡಿಸಿ ಮಕ್ಕಳ ಕೈಗೆ ಹಾಕು, ತಿದ್ದು, ಆಮೇಲೆ ದೊಡ್ಡ ಮುದ್ರಣದ ಯೋಚನೆ.

ಎಂಟು ಹಾಳೆಯ ಆ ಪಿನ್ ಹೊಡೆದ ಪುಸ್ತಕ ಮೊದಲು ನನಗೆ ಕಳಿಸು. ಒತ್ತಕ್ಷರ, ಪುಟದ ತಿರುವು ಎರಡನ್ನೂ ನೋಡಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ವಾಪಸ್ ಕಳಿಸ್ತೀನಿ.

ನಿನ್ನ,
ದೊಡ್ಡಮ್ಮ