ಲ್ಯಾಂಡಿಂಗ್ ಗೇರ್ ಬೋಲ್ಟ್ ಮುರಿದ ಬಗ್ಗೆ ದೂರು

ಮಾನ್ಯರೇ,

ಎರಡು ಇಮೇಲ್, ಐದು ಫೋನ್ ಆದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಇನ್ನು ಫೋನ್ ಮಾಡುವುದಿಲ್ಲ.

ನಾನೇ ಮನೆಯಲ್ಲಿ ಕಟ್ಟಿದ ಎರಡು ಸೀಟಿನ ವಿಮಾನಕ್ಕೆ ನಿಮ್ಮಿಂದ ಲ್ಯಾಂಡಿಂಗ್ ಗೇರ್ ಸೆಟ್, ಅಂದರೆ ಚಕ್ರ ಮತ್ತು ಅದನ್ನು ಹೊರುವ ಕಾಲುಗಳು, ತರಿಸಿದ್ದೆ. ಗೇರ್ ಕಾಲಿಗೆ ಆಕ್ಸಲ್ ಸೇರುವ ಬೋಲ್ಟನ್ನು ನೀವೇ ಬಿಗಿದು, ನಟ್ ಮೇಲೆ ಕೆಂಪು ಗೆರೆ ಎಳೆದು ಕಳಿಸಿದ್ದಿರಿ. ನಟ್ ತಿರುಗಿದರೆ ಆ ಗೆರೆ ಒಡೆಯುತ್ತದೆ. ಜೊತೆಗೆ ಒಂದು ಚೀಟಿ: ಗೆರೆ ಒಡೆದರೆ ವಾರಂಟಿ ಇಲ್ಲ. ನಾನು ಮುಟ್ಟಲಿಲ್ಲ. ಪ್ರತಿ ಸಲ ಹಾರುವ ಮೊದಲು ಬಗ್ಗಿ ಆ ಗೆರೆ ನೋಡುತ್ತಿದ್ದೆ. ಸರಿಯಾಗಿಯೇ ಇತ್ತು.

ಫೆಬ್ರವರಿ 9ರ ಬೆಳಗ್ಗೆ ಪೊನ್ನಂಪೇಟೆ ಹತ್ತಿರದ ನಮ್ಮ ಗದ್ದೆಯಿಂದ ಹಾರಿದೆ. ಕೊಯ್ಲು ಮುಗಿದು, ಬದು ಕಡಿದು ಸಮ ಮಾಡಿದ ಗದ್ದೆ. ಚಕ್ರ ನೆಲ ಬಿಡುವಾಗ ಎಡಗಡೆ ಟಪ್ ಅಂತ ಸದ್ದಾಯಿತು. ಒಂದು ಸುತ್ತು ಹಾಕಿ ತಗ್ಗಿನಲ್ಲಿ ಹಾದು ಹೋದೆ. ಕೆಳಗೆ ನಿಂತಿದ್ದ ಅಣ್ಣನ ಮಗ ಎಡಗೈ ಜೋತು ಬಿಟ್ಟು ತೋರಿಸಿದ. ಎಡ ಚಕ್ರ ನೇತಾಡುತ್ತಿತ್ತು.

ಒಂದು ಗಂಟೆ ಸುತ್ತಿ ಪೆಟ್ರೋಲ್ ಕಮ್ಮಿ ಮಾಡಿದೆ. ಮಗುಚಿದರೆ ಬೆಂಕಿ ಹತ್ತಬಾರದು ಅಲ್ವಾ. ಬೆಲ್ಟ್ ಬಿಗಿ ಮಾಡಿ, ಬಾಗಿಲ ಚಿಲಕ ತೆಗೆದಿಟ್ಟೆ. ಗದ್ದೆ ಖಂಡಿತ ಸಿಗುತ್ತದೆ ಅಂತ ಆದ ಮೇಲೆ ಪೆಟ್ರೋಲ್, ಇಗ್ನಿಷನ್, ಬ್ಯಾಟರಿ ಮೂರನ್ನೂ ಆಫ್ ಮಾಡಿದೆ. ಬಲ ಚಕ್ರದ ಮೇಲೆ ಇಳಿಸಿ, ಸ್ಟಿಕ್ ಬಲಕ್ಕೆ ಒತ್ತಿ, ವೇಗ ಸಾಯುವವರೆಗೂ ಎಡ ರೆಕ್ಕೆಯನ್ನು ಮೇಲೆ ಹಿಡಿದಿದ್ದೆ. ಆಮೇಲೆ ರೆಕ್ಕೆ ನೆಲಕ್ಕೆ ತಾಗಿತು, ವಿಮಾನ ಎಡಕ್ಕೆ ತಿರುಗಿ ನಿಂತಿತು. ರೆಕ್ಕೆ ತುದಿ, ಪ್ರೊಪೆಲರ್ ಹೋದವು. ನಾನು ಉಳಿದೆ.

ಮುರಿದ ಬೋಲ್ಟ್ ಈಗ ನನ್ನ ಮುಂದೆ ಇದೆ. ಮುರಿದ ಮುಖ ಅರ್ಧ ಕಪ್ಪು, ಅರ್ಧ ಹೊಸ ಬೆಳ್ಳಿ ಬಣ್ಣ. ಕಪ್ಪು ಭಾಗ ಹಳೇ ಬಿರುಕು. ಅದು ಥ್ರೆಡ್ಡಿನ ಬುಡದಿಂದಲೇ ಶುರುವಾಗಿದೆ. ವಿಮಾನದ ಬೋಲ್ಟಿನಲ್ಲಿ ಥ್ರೆಡ್ ತುದಿಯಲ್ಲಿ ಮಾತ್ರ ಇರಬೇಕು, ಭಾರ ಹೊರುವುದು ನುಣುಪು ಭಾಗ. ಇದರಲ್ಲಿ ತಲೆಯವರೆಗೂ ಥ್ರೆಡ್. ತಲೆ ಮೇಲೆ ಏಎನ್ ಬೋಲ್ಟಿಗೆ, ಅಂದರೆ ವಿಮಾನಕ್ಕೆಂದೇ ಮಾಡುವ ಗುಣಮಟ್ಟದ ಬೋಲ್ಟಿಗೆ, ಇರಬೇಕಾದ ಗುರುತೂ ಇಲ್ಲ. ಬಲಗಡೆಯದನ್ನು ಬಿಚ್ಚಿದೆ. ಅದೂ ಇಂಥದ್ದೇ. ನಿಮ್ಮ ಕ್ಯಾಟಲಾಗಿನಲ್ಲಿ ಬರೆದಿರುವುದು ಏಎನ್ ಬೋಲ್ಟ್.

ಇದನ್ನೆಲ್ಲ ಹೇಳಲು ಫೋನ್ ಮಾಡಿದೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ಅಮ್ಮ ಪಕ್ಕದಲ್ಲೇ ಕಾಫಿ ಹರವುತ್ತಿದ್ದರು. ಮೊದಲು ಒಬ್ಬರು "ಗಾಡಿ ನಂಬರ್ ಹೇಳಿ" ಅಂದರು. ಗಾಡಿ ಅಲ್ಲ, ವಿಮಾನ ಅಂದೆ. "ಯಾವ ಶೋರೂಮಿನಲ್ಲಿ ತಗೊಂಡ್ರಿ?" ಅಂದರು. ಆರು ನಿಮಿಷ ಹಾಡು ಕೇಳಿಸಿದರು. ಆಮೇಲೆ ನಿಮ್ಮ ಸರ್ವಿಸ್ ಮ್ಯಾನೇಜರ್ ಬಂದರು.

"ಗದ್ದೇಲಿ ಇಳಿಸಿದ್ರೆ ಮುರೀದೆ ಇರುತ್ತಾ ಸರ್?"

ಮುರಿದದ್ದು ಇಳಿಸುವಾಗ ಅಲ್ಲ, ಹಾರುವಾಗ ಅಂದೆ.

"ಕೆಂಪು ಗೆರೆ ಇದೆಯಾ?"

ಬೋಲ್ಟೇ ಎರಡು ತುಂಡಾಗಿದೆ, ಗೆರೆ ಎಲ್ಲಿರುತ್ತದೆ?

"ಹಾಗಾದ್ರೆ ವಾರಂಟಿ ಇಲ್ಲ. ಮೊದಲು ಇಳಿಸೋದು ಕಲೀರಿ."

ಹಿಂದೆ ಇಬ್ಬರು ಮೂವರು ನಕ್ಕಿದ್ದು ಕೇಳಿಸಿತು. ಫೋನ್ ಸ್ಪೀಕರಿನಲ್ಲಿ ಇಟ್ಟಿದ್ದರು. ಅಮ್ಮನಿಗೂ ಕೇಳಿಸಿತು. ಅವರು ಕೈಯಲ್ಲಿದ್ದ ಹಲಗೆ ಹಾಗೇ ಬಿಟ್ಟು ಒಳಗೆ ಹೋದರು. ಆವತ್ತು ಬೆಳಗ್ಗೆ ಒಂದು ಗಂಟೆ ಆಕಾಶ ನೋಡಿಕೊಂಡು ನಿಂತವರು ಅವರು. ಇದನ್ನು ನಾನು ಮರೆಯುವುದಿಲ್ಲ.

ರಿಪೇರಿ ದುಡ್ಡು ನೀವು ಕೊಡಲೇಬೇಕು. ಅದಕ್ಕಿಂತ ಮೊದಲು, ಈ ಸೆಟ್ ತಗೊಂಡ ಎಲ್ಲರಿಗೂ ಇವತ್ತೇ ಫೋನ್ ಮಾಡಿ ಹಾರಬೇಡಿ ಅಂತ ಹೇಳಿ. ಅವರ ಪಟ್ಟಿ ನಿಮ್ಮ ಹತ್ತಿರ ಮಾತ್ರ ಇದೆ.

15 ದಿನ ಕಾಯುತ್ತೇನೆ. ಆಮೇಲೆ ಫೋಟೋ ಸಮೇತ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಗೆ ಬರೆಯುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ನೀವು ಬೆಟ್ಟ ಹತ್ತಿ ಬರಬೇಕಾಗುತ್ತದೆ. ಬೋಲ್ಟ್ ಕಳಿಸಿಕೊಡಿ, ಪರೀಕ್ಷೆ ಮಾಡುತ್ತೇವೆ ಅಂತ ನಿಮ್ಮ ಇಮೇಲಿನಲ್ಲಿದೆ. ಕಳಿಸುವುದಿಲ್ಲ. ಎರಡನ್ನೂ ಮಡಿಕೇರಿಯಲ್ಲಿ ನಿಮ್ಮ ಎದುರೇ ಮೇಜಿನ ಮೇಲೆ ಇಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ