ಗೆಳೆಯನಿಗೊಂದು ಪತ್ರ: ಗೆರೆಯ ಪಕ್ಕ ಓಡಿದವನು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಫುಟ್‌ಬಾಲ್ ಆಟಗಾರ ಆಲ್ಬರ್ಟ್ ಅಡೋಮಾ ವಿಷಯ ಬಂದಾಗ ನೀನು ಒಂದು ಮಾತು ಹೇಳಿದೆ. "ಅವನೇನು ಬಿಡೋ, ಒಂದು ಕಡೆ ನಿಂತವನಲ್ಲ, ಕ್ಲಬ್ಬಿಂದ ಕ್ಲಬ್ಬಿಗೆ ಸುತ್ತಿದ್ದೇ ಆಯ್ತು" ಅಂದೆ. ನಾನು ಆಗ ಸುಮ್ಮನಾದೆ. ಫೋನಿಟ್ಟ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಮರೆತುಬಿಡುತ್ತಿದ್ದೆ. ನೀನು ಹೇಳಿದೆ ನೋಡು, ಅದಕ್ಕೆ ಬೇಜಾರಾಯಿತು. ನಮ್ಮ ತಂಡದಲ್ಲಿ ಬಲಗಡೆಯ ಗೆರೆಗೆ ಅಂಟಿಕೊಂಡು ಓಡಿದವನು ನೀನು. ಅವನೂ ಹಾಗೆ ಅಂಚಿನಲ್ಲಿ ಓಡುವ ವಿಂಗರ್ರೇ. ವಿಂಗರ್‌ನ ಕಷ್ಟ ನಿನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಫೋನಿನಲ್ಲಿ ಹೇಳಲು ಆಗದ್ದನ್ನು ಬರೆಯುತ್ತಿದ್ದೇನೆ. ಉದ್ದ ಆದರೆ ಸಹಿಸಿಕೋ.

ಅಡೋಮಾ 1987ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. 20 ತುಂಬುವವರೆಗೂ ಹ್ಯಾರೋ ಬರೋ ಎಂಬ ಸಣ್ಣ ಕ್ಲಬ್ಬಿಗೆ ಆಡುತ್ತಿದ್ದ. ಇಂಗ್ಲೆಂಡಿನ ಮೇಲಿನ ನಾಲ್ಕು ಡಿವಿಷನ್‌ಗಳಲ್ಲಿ ಆ ಕ್ಲಬ್ಬಿನ ಹೆಸರೇ ಇಲ್ಲ. ಅಷ್ಟು ವಯಸ್ಸಿಗೆ ಎಷ್ಟೋ ಹುಡುಗರಿಗೆ "ನಿನ್ನಿಂದ ಆಗಲ್ಲ" ಅಂತ ಹೇಳಿ ಮನೆಗೆ ಕಳಿಸಿ ಆಗಿರುತ್ತದೆ. ಇವನನ್ನು 2008ರ ಜನವರಿಯಲ್ಲಿ ಬಾರ್ನೆಟ್ ಕರೆದುಕೊಂಡಿತು. ಅದು ನಾಲ್ಕನೇ ಡಿವಿಷನ್. ಅಲ್ಲಿ ನೂರಕ್ಕೂ ಹೆಚ್ಚು ಪಂದ್ಯ ಆಡಿದ. 2010ರಲ್ಲಿ ಎರಡನೇ ಡಿವಿಷನ್ನಿನ ಬ್ರಿಸ್ಟಲ್ ಸಿಟಿಗೆ ಹೋದ. 2013ರಲ್ಲಿ ಆ ತಂಡ ಕೆಳಗಿನ ಡಿವಿಷನ್ನಿಗೆ ಇಳಿಯಿತು, ಇವನು ಮಿಡಲ್ಸ್‌ಬ್ರೋಗೆ ಹೋದ. 2014ರಲ್ಲಿ ಘಾನಾ ತಂಡದ ಜೊತೆ ಬ್ರೆಜಿಲ್‌ನ ವಿಶ್ವಕಪ್ಪಿಗೆ ಹೊರಟ. ಹ್ಯಾರೋ ಬರೋ ಬಿಟ್ಟು ಆಗಿನ್ನೂ ಏಳು ವರ್ಷವೂ ಆಗಿರಲಿಲ್ಲ!

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದು.

ಇಂಗ್ಲೆಂಡಿನ ಎರಡನೇ ಡಿವಿಷನ್ ಇದೆಯಲ್ಲ, ಚಾಂಪಿಯನ್‌ಷಿಪ್, ಅದು ಮೈ ಮುರಿಯುವ ಲೀಗ್. 24 ತಂಡ, ಒಬ್ಬೊಬ್ಬರಿಗೂ 46 ಪಂದ್ಯ. ಶನಿವಾರ ಆಡಿದವನು ಮಂಗಳವಾರ ಮತ್ತೆ ಆಡಬೇಕು. ಮೊದಲ ಎರಡು ತಂಡ ನೇರವಾಗಿ ಮೊದಲನೇ ಡಿವಿಷನ್ ಆದ ಪ್ರೀಮಿಯರ್ ಲೀಗಿಗೆ ಹೋಗುತ್ತವೆ. ಆಗಿನ ನಿಯಮದ ಪ್ರಕಾರ ಮೂರರಿಂದ ಆರನೇ ಸ್ಥಾನದವರು ಪ್ಲೇಆಫ್ ಆಡಿ, ಗೆದ್ದ ಒಂದು ತಂಡ ಮಾತ್ರ ಮೇಲೆ ಹೋಗುತ್ತಿತ್ತು. 2015ರಲ್ಲಿ ಮಿಡಲ್ಸ್‌ಬ್ರೋ ವೆಂಬ್ಲಿಯ ಪ್ಲೇಆಫ್ ಫೈನಲ್‌ನಲ್ಲಿ ನಾರ್ವಿಚ್‌ಗೆ 2-0 ಸೋತಿತು. ಮರುವರ್ಷ ಕೊನೆಯ ದಿನ ಬ್ರೈಟನ್ ಜೊತೆ 1-1 ಡ್ರಾ. ಎರಡೂ ತಂಡಕ್ಕೆ 89 ಅಂಕ. ಗೋಲುಗಳ ಅಂತರದಲ್ಲಿ ಮಿಡಲ್ಸ್‌ಬ್ರೋ ಮೇಲೆ ಹೋಯಿತು. ಮೂರು ವರ್ಷ ಆ ಅಂಗಿ ಹಾಕಿಕೊಂಡು ಓಡಿದವನಿಗೆ ಕೊನೆಗೂ ಪ್ರೀಮಿಯರ್ ಲೀಗ್ ಸಿಕ್ಕಿತು ಅಂದುಕೊಂಡೆವು, ಅಲ್ವಾ? ಮೇ ತಿಂಗಳಲ್ಲಿ ಬಡ್ತಿ. ಆಗಸ್ಟ್ 31ಕ್ಕೆ, ಆಟಗಾರರ ಕೊಡು-ಕೊಳ್ಳುವಿಕೆಯ ಬಾಗಿಲು ಮುಚ್ಚುವ ದಿನ, ಅವನು ಆಸ್ಟನ್ ವಿಲ್ಲಾಗೆ ಹೋದ. ಆ ವಿಲ್ಲಾ ಅದೇ ವರ್ಷ ಪ್ರೀಮಿಯರ್ ಲೀಗಿನಿಂದ ಕೊನೆಯ ಸ್ಥಾನದಲ್ಲಿ ಕೆಳಗೆ ಬಿದ್ದಿತ್ತು. ಅಂದರೆ ಇವನು ಮೆಟ್ಟಿಲು ಹತ್ತಿಸಿದ ತಂಡ ಮೇಲೆ ಹೋಯಿತು, ಇವನು ಮತ್ತೆ ಅದೇ ಚಾಂಪಿಯನ್‌ಷಿಪ್‌ಗೆ.

ಅಲ್ಲಿ ಮುಖ ಗಂಟು ಹಾಕಿಕೊಂಡು ಕೂರಲಿಲ್ಲ. 2017-18ರಲ್ಲಿ ಲೀಗಿನಲ್ಲಿ 14 ಗೋಲು ಹೊಡೆದ. ವಿಂಗರ್ ಆಗಿ 14 ಗೋಲು ಅಂದರೆ ಏನೆಂದು ನಿನಗೆ ಹೇಳಬೇಕಾ? ಆ ಸಲವೂ ಫೈನಲ್‌ನಲ್ಲಿ ಫುಲ್ಹಾಮ್‌ಗೆ 1-0 ಸೋತರು. ಮರುವರ್ಷ, 2019ರ ಮೇ 27ಕ್ಕೆ, ಡರ್ಬಿಯನ್ನು 2-1 ಸೋಲಿಸಿ ವಿಲ್ಲಾ ಮೇಲೆ ಹೋಯಿತು. ಆ ಬೇಸಿಗೆಯಲ್ಲಿ ಅವನ ಒಪ್ಪಂದ ಮುಗಿಯಿತು. ಹೊಸ ಒಪ್ಪಂದ ಬರಲಿಲ್ಲ.

ಎರಡು ಸಲ, ಕಣೋ. ಎರಡು ತಂಡ ಅವನ ಕಾಲಿನ ಮೇಲೆ ದಾಟಿ ಹೋದವು. ಕ್ಲಬ್ಬುಗಳನ್ನು ನಾನು ಬೈಯುತ್ತಿಲ್ಲ. ಮೇಲಿನ ಲೀಗಿಗೆ ಹೋದ ತಂಡ ಇನ್ನೂ ಚುರುಕಿನ ಕಾಲು ಹುಡುಕುತ್ತದೆ, ಅದರಲ್ಲೂ ವಿಂಗ್‌ನಲ್ಲಿ ಮೊದಲು ಹುಡುಕುತ್ತದೆ. ಆ ಲೆಕ್ಕಾಚಾರ ನನಗೆ ಅರ್ಥ ಆಗುತ್ತದೆ. ಆದರೆ ಇದನ್ನೆಲ್ಲ ನೋಡಿದ ಮೇಲೆ "ಒಂದು ಕಡೆ ನಿಂತವನಲ್ಲ" ಎಂಬ ಮಾತನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ನಿಲ್ಲುವುದು ಅವನ ಕೈಯಲ್ಲಿ ಎಷ್ಟಿತ್ತು?

ಒಂದೆರಡು ಕ್ಲಬ್ಬಿನಲ್ಲೇ ನಿಂತ ಹಳಬರನ್ನು ನಾವು ಬಾಯ್ತುಂಬ ಹೊಗಳುತ್ತೇವೆ. ಸ್ಟ್ಯಾನ್ಲಿ ಮ್ಯಾಥ್ಯೂಸ್ ನಿನ್ನ ದೇವರು, ಗೊತ್ತು. 50 ವರ್ಷದವರೆಗೆ ಆಡಿದ, ಸ್ಟೋಕ್ ಮತ್ತು ಬ್ಲ್ಯಾಕ್‌ಪೂಲ್ ಎರಡೇ ಕ್ಲಬ್ಬು. ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಾಲದಲ್ಲಿ ಒಪ್ಪಂದ ಮುಗಿದರೂ ಕ್ಲಬ್ಬು ಬಿಡದೆ ಆಟಗಾರ ಬೇರೆ ಕಡೆ ಹೋಗುವಂತಿರಲಿಲ್ಲ. ಇಂಗ್ಲೆಂಡಿನಲ್ಲಿ 1961ರವರೆಗೆ ಸಂಬಳಕ್ಕೂ ಮಿತಿ ಇತ್ತು. ಒಪ್ಪಂದ ಮುಗಿದ ಆಟಗಾರ ಹಳೆಯ ಕ್ಲಬ್ಬಿಗೆ ದುಡ್ಡು ಕಟ್ಟಿಸದೆ ಯುರೋಪಿಯನ್ ಒಕ್ಕೂಟದ ದೇಶದಿಂದ ದೇಶಕ್ಕೆ ಹೋಗಬಹುದು ಅಂತ ಆದದ್ದು 1995ರ ಡಿಸೆಂಬರ್‌ನಲ್ಲಿ, ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮನ್ ಕೋರ್ಟಿಗೆ ಹೋಗಿ ಗೆದ್ದ ಮೇಲೆ. ಆ ತೀರ್ಪಿನಿಂದ ದೊಡ್ಡ ತಾರೆಗಳು ಕೋಟಿ ಕೋಟಿ ಮಾಡಿಕೊಂಡರು. ಮಧ್ಯದ ಮಟ್ಟದ ಆಟಗಾರನಿಗೆ ಸಿಕ್ಕಿದ್ದು ಒಂದು ವರ್ಷ, ಎರಡು ವರ್ಷದ ಒಪ್ಪಂದ. ಪ್ರತಿ ಬೇಸಿಗೆಯಲ್ಲೂ ಫೋನು ಬರುತ್ತಾ ಅಂತ ಕಾಯುವ ಪಾಡು.

ಎರವಲು ಹೋಗುವುದಂತೂ ಇನ್ನೂ ವಿಚಿತ್ರ. ವಿಲ್ಲಾ ಬಿಟ್ಟು ಅಡೋಮಾ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದ. ಆರು ತಿಂಗಳೂ ಆಗಿರಲಿಲ್ಲ, 2020ರ ಜನವರಿಯಲ್ಲಿ ಕಾರ್ಡಿಫ್‌ಗೆ ಎರವಲು ಕೊಟ್ಟರು. ಎರಡೂ ತಂಡ ಒಂದೇ ಲೀಗಿನಲ್ಲಿ, ಒಂದೇ ಪ್ಲೇಆಫ್ ಜಾಗಕ್ಕೆ ಓಡುತ್ತಿದ್ದವು. ಕೊನೆಯ ದಿನ ಕಾರ್ಡಿಫ್ ಒಳಗೆ ಉಳಿಯಿತು, ಫಾರೆಸ್ಟ್ ಹೊರಗೆ ಬಿತ್ತು. ಒಪ್ಪಂದದ ಕಾಗದ ಇರುವ ಕ್ಲಬ್ಬು ಸೋತ ದಿನ ಎರವಲು ಪಡೆದ ಕ್ಲಬ್ಬು ಕುಣಿಯುತ್ತಿದ್ದರೆ ಮನಸ್ಸು ಯಾವ ಕಡೆ ನಿಲ್ಲಬೇಕು? ನಾನಂತೂ ಎಷ್ಟೋ ಸಲ ಯೋಚಿಸಿದ್ದೇನೆ, ಉತ್ತರ ಹೊಳೆದಿಲ್ಲ.

ಇಷ್ಟೆಲ್ಲ ಬಿಡು. ನಾನು ನಿನಗೆ ಹೇಳಲೇಬೇಕಾದದ್ದು ಬೇರೆ ಇದೆ. ಅದು ನಿನಗೂ ನನಗೂ ಮಾತ್ರ ಸರಿಯಾಗಿ ಗೊತ್ತಿರುವ ವಿಷಯ.

ಗೋಲ್‌ಕೀಪರ್ ಕ್ಲಬ್ಬು ಬದಲಿಸಿದರೆ ಅವನ ಕೈ ಅವನ ಜೊತೆಗೇ ಬರುತ್ತದೆ. ಗೋಲಿನ ಮುಂದೆ ಕಾಯುವ ಸೆಂಟರ್ ಬ್ಯಾಕ್‌ಗೆ ಅವನ ತಲೆ, ಅವನ ಎತ್ತರ. ವಿಂಗರ್ ಹೋದರೆ ಅವನ ಅರ್ಧ ಆಟ ಹಳೆಯ ಮೈದಾನದಲ್ಲೇ ಉಳಿಯುತ್ತದೆ. ಏಕೆಂದರೆ ಆ ಅರ್ಧ ಅದೇ ಬದಿಯಲ್ಲಿ ರಕ್ಷಣೆಗೆ ನಿಂತು ಅವನ ಹಿಂದೆ ಓಡುವ ಫುಲ್‌ಬ್ಯಾಕ್‌ನ ಕಾಲಲ್ಲಿದೆ. ನೆನಪು ಮಾಡಿಕೋ. ಚೆಂಡು ನಿನ್ನ ಹತ್ತಿರ ಬರುವ ಮೊದಲೇ ನೀನು ಮೈಯನ್ನು ಅರ್ಧ ತಿರುಗಿಸಿ ನಿಂತಿರುತ್ತಿದ್ದೆ. ಬೆನ್ನು ಗೆರೆಯ ಕಡೆ, ಬಲಗಾಲ ಹಿಮ್ಮಡಿ ಸುಣ್ಣದ ಮೇಲೆ. ಎದುರಿನ ಫುಲ್‌ಬ್ಯಾಕ್ ಎರಡು ಮಾರು ದೂರದಲ್ಲಿ ಸೊಂಟ ಬಗ್ಗಿಸಿ ನಿಂತಿರುತ್ತಿದ್ದ. ನೀನು ಎಡ ಭುಜ ಒಂದು ಚೂರು ಇಳಿಸುತ್ತಿದ್ದೆ, ಅಷ್ಟೇ. ಅದು ನನಗೆ ಸಂಜ್ಞೆ. ಭುಜ ಇಳಿಯಿತು ಅಂದರೆ ನೀನು ಒಳಗೆ ನುಗ್ಗುತ್ತೀಯ, ನಾನು ಹೊರಗಿನಿಂದ ಓಡಬೇಕು. ಇಳಿಯಲಿಲ್ಲ ಅಂದರೆ ನೀನೇ ಗೆರೆ ಹಿಡಿದು ಓಡುತ್ತೀಯ, ನಾನು ಹಿಂದೆ ನಿಂತು ಕಾಯಬೇಕು. ನಾವು ಇದರ ಬಗ್ಗೆ ಒಂದು ಸಲವೂ ಮಾತಾಡಿಕೊಂಡಿರಲಿಲ್ಲ! ಎರಡು ವರ್ಷ ಒಟ್ಟಿಗೆ ಆಡಿ ಆಡಿ ಬಂದದ್ದು.

ನೀನು ತಂಡ ಬಿಟ್ಟ ಮೇಲೆ ನಿನ್ನ ಜಾಗಕ್ಕೆ ಬಂದ ಹುಡುಗ ನಿನಗಿಂತ ಜೋರಾಗಿ ಓಡುತ್ತಿದ್ದ. ಒಳ್ಳೆಯ ಹುಡುಗ. ಆದರೆ ಅವನ ಭುಜ ನನಗೆ ಓದಲು ಬರಲಿಲ್ಲ. ನಾನು ಹೊರಗೆ ಓಡಿದಾಗ ಅವನೂ ಹೊರಗೇ ಹೋಗುತ್ತಿದ್ದ. ಇಬ್ಬರೂ ಒಂದೇ ಗೆರೆಯ ಮೇಲೆ ಡಿಕ್ಕಿ ಹೊಡೆದುಕೊಳ್ಳುತ್ತಿದ್ದೆವು. ಅಂಚಿನಲ್ಲಿ ನಿಂತವರು ಅವನನ್ನೇ ಬೈಯುತ್ತಿದ್ದರು. ಆ ಹುಡುಗ ತಲೆ ತಗ್ಗಿಸುತ್ತಿದ್ದ. ತಪ್ಪಿನಲ್ಲಿ ಅರ್ಧ ನನ್ನದು ಅಂತ ನಾನು ಅವತ್ತು ಅವನಿಗೆ ಹೇಳಲಿಲ್ಲ. ಹೇಳಬೇಕಿತ್ತು.

ಈಗ ಇದನ್ನೇ ಒಂದು ವೃತ್ತಿ ಮಾಡಿಕೊಂಡು ನೋಡು. ಹ್ಯಾರೋ ಬರೋದಿಂದ ಎಣಿಸಿದರೆ ಅಡೋಮಾಗೆ 2024ರಲ್ಲಿ ಸೇರಿದ ವಾಲ್ಸಾಲ್ ಒಂಬತ್ತನೇ ಕ್ಲಬ್ಬು. ಪ್ರತಿ ಸಲವೂ ಬೆನ್ನ ಹಿಂದೆ ಹೊಸ ಫುಲ್‌ಬ್ಯಾಕ್. ಪಾಸ್ ಕೊಡುವ ಮಿಡ್‌ಫೀಲ್ಡರ್ ಹೊಸಬ, ಒಬ್ಬ ಚೆಂಡನ್ನು ಕಾಲಿಗೆ ಕೊಡುತ್ತಾನೆ, ಇನ್ನೊಬ್ಬ ಮುಂದಿನ ಖಾಲಿ ಜಾಗಕ್ಕೆ. ಬಾಕ್ಸಿನಲ್ಲಿ ಕಾಯುವ ಸ್ಟ್ರೈಕರ್ ಹೊಸಬ, ಒಬ್ಬನಿಗೆ ಅಂಚಿನಿಂದ ಕಳಿಸುವ ಕ್ರಾಸ್ ಹತ್ತಿರದ ಕಂಬದ ಕಡೆ ತಗ್ಗಿನಲ್ಲಿ ಬೇಕು, ಇನ್ನೊಬ್ಬನಿಗೆ ದೂರದ ಕಂಬಕ್ಕೆ ಎತ್ತರದಲ್ಲಿ ಬೇಕು. ಮ್ಯಾನೇಜರ್ ಅಂತೂ ವರ್ಷಕ್ಕೊಬ್ಬ ಬದಲಾಗುವುದೂ ಇದೆ. ಒಬ್ಬನಿಗೆ ವಿಂಗರ್ ಗೆರೆಯ ಮೇಲೇ ಇರಬೇಕು. ಮುಂದಿನವನಿಗೆ ವಿಂಗರ್ರೇ ಬೇಡ, ಮೂರು ಸೆಂಟರ್ ಬ್ಯಾಕ್ ಇಟ್ಟು ವಿಂಗ್‌ಬ್ಯಾಕ್ ಆಡಿಸುತ್ತಾನೆ. ಆಗ ನಿನ್ನಂಥವನು ಬೆಂಚಿಗೆ, ಇಲ್ಲವೇ ಇಡೀ ಗೆರೆ ಮೇಲೆ ಕೆಳಗೆ ಓಡಿ ಡಿಫೆನ್ಸ್ ಕಲಿಯಬೇಕು. ಇಷ್ಟನ್ನೂ ಒಂಬತ್ತು ಸಲ ಮೊದಲಿನಿಂದ ಶುರು ಮಾಡಿದವನು ಅವನು. ನನಗೆ ಒಂದು ಸಲ ಹೊಸ ವಿಂಗರ್ ಬಂದದ್ದಕ್ಕೇ ಒಂದು ವರ್ಷ ಸುಧಾರಿಸಿಕೊಳ್ಳಲು ಆಗಲಿಲ್ಲ.

ಇನ್ನೊಂದು ಕಷ್ಟ ಟಿವಿಯಲ್ಲಿ ಕಾಣುವುದಿಲ್ಲ. ಮೈದಾನದಲ್ಲಿ ಜನರಿಗೆ ತೀರಾ ಹತ್ತಿರ ಇರುವವನು ವಿಂಗರ್. ಮಧ್ಯದಲ್ಲಿ ಆಡುವವನು ತಪ್ಪು ಪಾಸ್ ಕೊಟ್ಟರೆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ವಿಂಗರ್ ಕ್ರಾಸ್ ಕೆಡಿಸಿದರೆ ಮೊದಲ ಸಾಲಿನವನ ಬೈಗುಳ ಅಕ್ಷರ ಅಕ್ಷರ ಕೇಳಿಸುತ್ತದೆ. ಅರ್ಧ ಪಂದ್ಯ ಮ್ಯಾನೇಜರ್ ಬಾಯಿ ಹತ್ತಿರವೇ ಓಡಬೇಕು. 65 ನಿಮಿಷ ಆಗುತ್ತಿದ್ದಂತೆ ನಾಲ್ಕನೇ ರೆಫರಿ ಬೋರ್ಡು ಎತ್ತಿದರೆ ಹೆಚ್ಚಿನ ಸಲ ಅದರಲ್ಲಿ ವಿಂಗರ್ ನಂಬರ್ರೇ ಇರುತ್ತದೆ. ಓಡಿ ಓಡಿ ಮೊದಲು ದಣಿಯುವವನೂ ಅವನೇ ಅಲ್ವಾ.

2020ರ ಅಕ್ಟೋಬರ್‌ನಲ್ಲಿ ಅಡೋಮಾ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಸೇರಿದ. ಚಿಕ್ಕಂದಿನಿಂದ ಅವನು ಅಭಿಮಾನಿಯಾಗಿದ್ದ ಕ್ಲಬ್ಬು ಅದು. ಇದನ್ನು ಓದಿದಾಗ ನನಗೆ ಎಷ್ಟು ಖುಷಿಯಾಯಿತು ಗೊತ್ತಾ? 32 ವಯಸ್ಸು, ಕಾಲಿನ ಚುರುಕು ಇಳಿಯುವ ಹೊತ್ತು. ಆದರೂ ನಾಲ್ಕು ಸೀಸನ್ ಅಲ್ಲಿದ್ದ. ಆಮೇಲೆ 2024ರಲ್ಲಿ ವಾಲ್ಸಾಲ್, ಅಂದರೆ ಬಾರ್ನೆಟ್‌ನಲ್ಲಿ ಶುರು ಮಾಡಿದ ಅದೇ ನಾಲ್ಕನೇ ಡಿವಿಷನ್. ಆ ಸೀಸನ್ ವಾಲ್ಸಾಲ್ ಬಹಳ ದಿನ ಮೊದಲ ಸ್ಥಾನದಲ್ಲಿತ್ತು. ಕೊನೆಗೆ ಜಾರಿ ಪ್ಲೇಆಫ್‌ಗೆ ಬಿತ್ತು. ವೆಂಬ್ಲಿ ಫೈನಲ್‌ನಲ್ಲಿ ಎಎಫ್‌ಸಿ ವಿಂಬಲ್ಡನ್ ತಂಡಕ್ಕೆ 1-0 ಸೋತಿತು. ಅವನಿಗೆ ಆಗ 37. ಆ ವಯಸ್ಸಿಗೆ ಹೆಚ್ಚಿನ ವಿಂಗರ್‌ಗಳು ಬೂಟು ಬಿಚ್ಚಿಟ್ಟು ವರ್ಷಗಳಾಗಿರುತ್ತವೆ.

ಕಾಲಿನ ವೇಗ ಹೋದ ಮೇಲೆ ವಿಂಗರ್ ಹೇಗೆ ಉಳಿಯುತ್ತಾನೆ ಅಂತ ನಾನು ಗಮನ ಇಟ್ಟು ನೋಡುತ್ತೇನೆ. ಅವನು ಎದುರಾಳಿಯನ್ನು ಓಟದಲ್ಲಿ ಹಿಂದೆ ಹಾಕುವುದನ್ನು ಬಿಡುತ್ತಾನೆ. ಕ್ರಾಸ್ ಮಾಡಲು ಬೇಕಾದ ಅರ್ಧ ಗಜ ಜಾಗ ಸಾಕು ಅವನಿಗೆ. ಚೆಂಡನ್ನು ಬಲಗಾಲಿಗೆ ಎಳೆದಂತೆ ಮಾಡುತ್ತಾನೆ, ಫುಲ್‌ಬ್ಯಾಕ್ ಕಾಲು ಚಾಚುತ್ತಾನೆ, ಅಷ್ಟರಲ್ಲಿ ಎಡಗಾಲಿಗೆ ಹಾಕಿಕೊಂಡು ಕ್ರಾಸ್ ಕಳಿಸಿ ಆಗಿರುತ್ತದೆ. ವೇಗ ಇರುವವರೆಗೆ ಎಡಗಾಲು ಬೇಕಾಗಿರಲಿಲ್ಲ. ವೇಗ ಹೋಗುವ ಮೊದಲೇ ಯಾರೂ ನೋಡದ ಹೊತ್ತಿನಲ್ಲಿ ಅದನ್ನು ಕಲಿತಿಟ್ಟುಕೊಂಡಿರಬೇಕು.

ಇದನ್ನು ಬರೆಯುವಾಗ ನಿನ್ನ ಕೊನೆಯ ಪಂದ್ಯ ನೆನಪಾಯಿತು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಆಡಿದೆ. ನಾನು ಹೊರಗಿನಿಂದ ಓಡಿದೆ, ಎಂದಿನಂತೆ. ಎದುರಿನವನೂ ನೀನು ನನಗೇ ಕೊಡುತ್ತೀಯ ಅಂದುಕೊಂಡು ನನ್ನ ಹಿಂದೆ ಬಂದ. ನೀನು ಒಳಗೆ ತಿರುಗಿ ಎಡಗಾಲಲ್ಲಿ ಕ್ರಾಸ್ ಕೊಟ್ಟೆ. ದೂರದ ಕಂಬದ ಹತ್ತಿರ ತಲೆಗೆ ತಾಗಿ ಗೋಲಾಯಿತು. ಎಲ್ಲರೂ ಗೋಲು ಹೊಡೆದವನ ಮೇಲೆ ಬಿದ್ದರು. ಐದು ನಿಮಿಷ ಕಳೆದು ನಿನ್ನನ್ನು ಹೊರಗೆ ಕರೆದರು. ನೀನು ನನ್ನ ಪಕ್ಕದಲ್ಲೇ ನಡೆದು ಹೋದೆ, ನಾನು ಥ್ರೋ ಹಾಕಲು ಚೆಂಡು ಹಿಡಿದು ನಿಂತಿದ್ದೆ, ಏನೂ ಮಾತಾಡಲಿಲ್ಲ.

ನಾವು ಆಡಿದ ಎರಡು ವರ್ಷದಲ್ಲಿ ನೀನು ಎಡಗಾಲಲ್ಲಿ ಕ್ರಾಸ್ ಮಾಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಯಾವಾಗ ಕಲಿತೆ ಅದನ್ನು? ಯಾರ ಜೊತೆ? ಉತ್ತರದಲ್ಲಿ ಬರಿ, ಕಾಯುತ್ತಿರುತ್ತೇನೆ.

ಇಂತಿ ನಿನ್ನ
ಹಳೆಯ ರೈಟ್ ಬ್ಯಾಕ್